ಚೀಟಿಯ ಹಿಂದಿನ ಚರಿತ್ರೆ

ಸಿ.ಟಿ. ಸ್ಕ್ಯಾನ್‌ಗೆ ದಿನ ಗೊತ್ತುಮಾಡಿ ಕಳಿಸುವಾಗ ಕೈಗೊಂದು ಚೀಟಿ ಕೊಡುತ್ತಾರೆ. ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಒಕ್ಕಣೆ. ನಾಲ್ಕು ಗಂಟೆ ಮೊದಲಿನಿಂದ ಏನೂ ತಿನ್ನಬೇಡಿ. ಕ್ರಿಯಾಟಿನಿನ್ ರಿಪೋರ್ಟು ತನ್ನಿ. ಮೈಮೇಲೆ ಚಿನ್ನ ಬೆಳ್ಳಿ ಇರಬಾರದು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದರೆ, ಬಸುರಿಯಾಗಿದ್ದರೆ ಮೊದಲೇ ತಿಳಿಸಿ. ಜೊತೆಗೊಬ್ಬರನ್ನು ಕರೆತನ್ನಿ. ಒಳಗೆ ಹೋಗಿ ಮಲಗಿದ ಮೇಲೆ ಚೀಟಿಯಲ್ಲಿಲ್ಲದ ಎರಡು ಅಪ್ಪಣೆಗಳು ಸೇರಿಕೊಳ್ಳುತ್ತವೆ: ಅಲುಗಾಡಬೇಡಿ, ಉಸಿರು ಹಿಡಿಯಿರಿ.

ಯಾಕೆ ಎಂದು ಚೀಟಿ ಹೇಳುವುದಿಲ್ಲ. ನಾನು ಓದುತ್ತಿರುವುದು ಚರಿತ್ರೆ, ವೈದ್ಯವಲ್ಲ. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಒಂದು ಚಟವಿರುತ್ತದೆ. ದಾನಶಾಸನವೊಂದರಲ್ಲಿ ಒಂದು ಸುಂಕದ ಹೆಸರು ಕಂಡರೆ ಅದು ಯಾವಾಗ, ಯಾರಿಗಾಗಿ ಹುಟ್ಟಿತು, ಈ ಕಲ್ಲು ಕೆತ್ತುವ ಹೊತ್ತಿಗೆ ಅದು ನಿಜವಾಗಿ ವಸೂಲಾಗುತ್ತಿತ್ತೋ ಅಥವಾ ಬರೀ ರೂಢಿಯ ಮಾತಾಗಿ ಉಳಿದಿತ್ತೋ ಎಂದು ಕೇಳದೆ ಬಿಡಲಾಗುವುದಿಲ್ಲ. ಈ ಚೀಟಿಯನ್ನೂ ಹಾಗೆ ಓದಬಹುದು. ಇದರ ಕೆಲವು ಸಾಲುಗಳ ಕಾರಣ ಇವತ್ತಿಗೂ ಜೀವಂತವಾಗಿದೆ. ಕೆಲವಕ್ಕೆ ಕಾರಣ ಸವೆದುಹೋಗಿದೆ, ಸಾಲು ಮಾತ್ರ ನಿಂತಿದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಹಳ್ಳಿಯವರಿಗೆ ಸ್ಕ್ಯಾನ್ ಅನ್ನುವುದು ಮೊದಲಿಗೆ ಒಂದು ಪ್ರಯಾಣ. ಶ್ರೀರಂಗಪಟ್ಟಣದವರು ಹೊಳೆ ದಾಟಿ ಮೈಸೂರಿಗೆ ಹೋಗುತ್ತಾರೆ. ಪಾಂಡವಪುರದವರು ಮೈಸೂರೋ ಮಂಡ್ಯವೋ ಎಂದು ಬಸ್ಸು ನೋಡಿಕೊಂಡು ತೀರ್ಮಾನಿಸುತ್ತಾರೆ. ನಾಗಮಂಗಲದವರಿಗೆ ತಮ್ಮ ತಾಲ್ಲೂಕಿನಲ್ಲೇ ಬೆಳ್ಳೂರು ಕ್ರಾಸಿನ ಹತ್ತಿರ ಬಿ.ಜಿ. ನಗರವಿದೆ, ಆದಿಚುಂಚನಗಿರಿಯ ವೈದ್ಯಕೀಯ ಕಾಲೇಜು 1986ರಲ್ಲಿ ಅಲ್ಲಿ ಶುರುವಾಯಿತು. ಕೆ.ಆರ್. ಪೇಟೆಯದು ಜಿಲ್ಲೆಯ ಅಂಚು, ಅಲ್ಲಿಂದ ಮಂಡ್ಯ, ಮೈಸೂರು, ಹಾಸನ ಮೂರೂ ದೂರವೇ. ಬೆಳಿಗ್ಗೆ ಹತ್ತಕ್ಕೆ ಮಶೀನಿನ ಮುಂದಿರಬೇಕೆಂದರೆ ಆರರ ಬಸ್ಸು ಹಿಡಿಯಬೇಕು. ಹಾಗಾಗಿ ಚೀಟಿಯ ನಾಲ್ಕು ಗಂಟೆಯ ಉಪವಾಸ ನಮ್ಮ ಕಡೆ ಹಿಂದಿನ ರಾತ್ರಿಯ ಮುದ್ದೆಯಿಂದಲೇ ಆರಂಭವಾಗಿ, ಸರದಿ ಬರುವಷ್ಟರಲ್ಲಿ ಹದಿನಾಲ್ಕು ಗಂಟೆ ಆಗಿರುತ್ತದೆ.

‘ಸ್ಕ್ಯಾನಿಂಗ್’ ಎಂಬ ಪದಕ್ಕೆ ಮಂಡ್ಯ ಜಿಲ್ಲೆಯಲ್ಲಿ ಬೇರೊಂದು ನೆರಳೂ ಇದೆ. ಹೆಂಗಸೊಬ್ಬಳು ಸ್ಕ್ಯಾನಿಂಗ್‌ಗೆ ಹೋಗಿದ್ದಾಳೆ ಅಂದರೆ ಕೇಳಿದವರು ದನಿ ತಗ್ಗಿಸುವುದುಂಟು. ಭ್ರೂಣದ ಲಿಂಗ ಪತ್ತೆ ಮಾಡುವುದನ್ನು ಅಪರಾಧವೆಂದು ಸಾರಿದ ಕಾಯ್ದೆ ಬಂದದ್ದು 1994ರಲ್ಲಿ. ಅದಾಗಿ ಮೂರು ದಶಕವಾಗುತ್ತ ಬಂದಾಗ, 2023ರಲ್ಲಿ, ಮಂಡ್ಯದ ಆಲೆಮನೆಯೊಂದರಲ್ಲಿ ಅದೇ ದಂಧೆ ನಡೆಯುತ್ತಿದ್ದುದು ಬಯಲಾಯಿತು. ಮರುವರ್ಷ ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹದ ಪ್ರಕರಣ ಸುದ್ದಿಯಾಯಿತು. ಬೆಲ್ಲ ಕಾಯಿಸುವ ಜಾಗದಲ್ಲಿ ಮಶೀನಿಟ್ಟು ಹೆಣ್ಣೋ ಗಂಡೋ ಎಂದು ನೋಡಿದ ಕಾಲವಿದು ಎಂದು ಮುಂದೆ ಯಾರಾದರೂ ಬರೆಯುತ್ತಾರೆ. ಅಲ್ಲಿ ಬಳಕೆಯಾಗುವುದು ಅಲ್ಟ್ರಾಸೌಂಡ್, ಅಂದರೆ ಕಿವಿಗೆ ಕೇಳದ ಶಬ್ದದ ಅಲೆ. ಸಿ.ಟಿ.ಯದು ಎಕ್ಸ್-ರೇ. ಎರಡೂ ಯಂತ್ರಗಳು ಬೇರೆ, ಚರಿತ್ರೆಗಳೂ ಬೇರೆ. ಜನರ ಬಾಯಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು.

ಕೆ.ಆರ್. ಪೇಟೆ ತಾಲ್ಲೂಕಿನಲ್ಲಿರುವ ನಮ್ಮ ದೊಡ್ಡವ್ವ ಹೊಟ್ಟೆಯ ಸ್ಕ್ಯಾನ್ ಮಾಡಿಸಲು ಒಂದು ತಿಂಗಳು ಮುಂದೂಡಿದ್ದಕ್ಕೆ ಈ ಹೆಸರೂ ಒಂದು ಕಾರಣ. ‘ಈ ವಯಸ್ನಲ್ಲಿ ಸ್ಕ್ಯಾನಿಂಗ್‌ಗೆ ಹೋದ್ಲು ಅಂದ್ರೆ ನಗಾಕಿಲ್ವಾ ಮಗಾ’ ಎಂದಳು. ಇನ್ನೊಂದು ಕಾರಣ, ‘ಮೈಗೆ ಕರೆಂಟು ಬುಡ್ತಾರಂತೆ’ ಎಂದು ಯಾರೋ ಹೇಳಿದ್ದು. ಮೂರನೆಯದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ಅದು ತಾಳಿಯದು. ಅದಕ್ಕೆ ಆಮೇಲೆ ಬರುತ್ತೇನೆ.

ಮೈಯೊಳಗನ್ನು ಹೊರಗಿನಿಂದ ತಿಳಿಯುವ ಪ್ರಯತ್ನ ಈ ಸೀಮೆಯಲ್ಲಿ ಎಕ್ಸ್-ರೇಗಿಂತ ಎಷ್ಟೋ ಹಳೆಯದು, ಅದರ ಸಾಧನ ಕೈಬೆರಳು. ಕನ್ನಡದಲ್ಲಿ ‘ಜ್ವರಗಡ್ಡೆ’ ಎಂಬ ಮಾತಿದೆ. ಚಳಿಜ್ವರ ಮತ್ತೆ ಮತ್ತೆ ಬಂದವರ ಎಡಪಕ್ಕೆಯ ಕೆಳಗೆ ಗುಲ್ಮ ಊದಿಕೊಂಡು ಗಡ್ಡೆಯಂತೆ ಕೈಗೆ ಸಿಗುತ್ತದೆ. ಕಾಣದ ಅಂಗವೊಂದಕ್ಕೆ ಮುಟ್ಟಿದ ಅನುಭವದಿಂದಲೇ ಇಟ್ಟ ಹೆಸರು ಅದು. ಈ ಜ್ವರಕ್ಕೆ ನಮ್ಮ ಚರಿತ್ರೆಯಲ್ಲಿ ದೊಡ್ಡ ಪಾತ್ರವಿದೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟ ಬ್ರಿಟಿಷ್ ದಂಡು ಹತ್ತೇ ವರ್ಷದಲ್ಲಿ ಜ್ವರದ ಕಾಟ ತಾಳಲಾರದೆ ಬೆಂಗಳೂರಿಗೆ ಎದ್ದುಹೋಯಿತು. ಬೆಂಗಳೂರು ದಂಡು ಪ್ರದೇಶದ ಹುಟ್ಟಿನಲ್ಲಿ ಶ್ರೀರಂಗಪಟ್ಟಣದ ಸೊಳ್ಳೆಯ ಪಾಲಿದೆ ಎಂದರೆ ತಮಾಷೆಯಲ್ಲ. ಆಮೇಲೆ 1930ರ ದಶಕದಲ್ಲಿ ಕನ್ನಂಬಾಡಿ ಕಟ್ಟೆಯಿಂದ ಇರ್ವಿನ್ ನಾಲೆಯ ನೀರು ಮಂಡ್ಯದ ಬಯಲಿಗೆ ಹರಿದಾಗ ಕಬ್ಬು ಭತ್ತದ ಜೊತೆಗೆ ಮಲೇರಿಯಾವೂ ಬಂತು. ಆ ಕಾಲದ ಮಲೇರಿಯಾ ಸಮೀಕ್ಷೆಗಳ ರೂಢಿಯ ವಿಧಾನ ಮಕ್ಕಳ ಹೊಟ್ಟೆ ಮುಟ್ಟಿ ನೋಡುವುದು. ನೂರು ಮಕ್ಕಳಲ್ಲಿ ಎಷ್ಟು ಜನರ ಗುಲ್ಮ ಬೆರಳಿಗೆ ಸಿಕ್ಕಿತು ಎಂಬ ಲೆಕ್ಕವೇ ಊರಿನ ರೋಗದ ಅಳತೆ.

ಬೆರಳಿಗೆ ಸಿಗುವುದು ಊದಿಕೊಂಡದ್ದು ಮಾತ್ರ. ಅದರಾಚೆಗೆ ಕಣ್ಣು ಹೋದದ್ದು 1895ರ ನವೆಂಬರ್‌ನಲ್ಲಿ, ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್‌ಜೆನ್ ಹೊಸ ಕಿರಣವನ್ನು ಕಂಡುಕೊಂಡಾಗ. ಆ ಡಿಸೆಂಬರ್ 22ರಂದು ಅವನು ಹೆಂಡತಿ ಆನ್ನಾ ಬೆರ್ಥಾಳ ಕೈಯನ್ನು ಫೋಟೊ ತಟ್ಟೆಯ ಮೇಲಿಡಿಸಿ ಚಿತ್ರ ತೆಗೆದ. ಮೂಳೆಗಳು ಬೂದಾಗಿ ಕಾಣುತ್ತವೆ. ಬೆರಳಿನ ಉಂಗುರ ಅಚ್ಚ ಕಪ್ಪಾಗಿ, ಮೂಳೆಯಿಂದ ಬಿಡಿಸಿಕೊಂಡು ತೇಲುತ್ತಿರುವಂತೆ ಕಾಣುತ್ತದೆ. ಮನುಷ್ಯರ ಮೈಯ ಮೊದಲ ಪ್ರಸಿದ್ಧ ಎಕ್ಸ್-ರೇ ಚಿತ್ರದಲ್ಲಿ ಎದ್ದು ಕಾಣುವುದು ಮೈಯಲ್ಲ, ಹೆಂಡತಿಯ ಬೆರಳಲ್ಲಿದ್ದ ಲೋಹ.

ಚೀಟಿಯ ‘ಚಿನ್ನ ಬೆಳ್ಳಿ ಇರಬಾರದು’ ಎಂಬ ಸಾಲಿನ ಮೂಲ ಇಲ್ಲಿದೆ. ಸಾದಾ ಎಕ್ಸ್-ರೇಯಲ್ಲಿ ಲೋಹ ತಾನಿರುವ ಜಾಗವನ್ನಷ್ಟೇ ಮುಚ್ಚುತ್ತದೆ. ಸಿ.ಟಿ.ಯಲ್ಲಿ ಹಾಗಲ್ಲ, ಒಂದು ಚೂರು ಲೋಹವಿದ್ದರೂ ಚಿತ್ರದ ತುಂಬ ಗೆರೆ ಗೆರೆಯಾಗಿ ಸಿಡಿಯುತ್ತದೆ. ಚೀಟಿ ಬರೆದವರ ಮನಸ್ಸಿನಲ್ಲಿ ಸರ, ಬಳೆ, ಉಂಗುರ ಇದ್ದಿರಬೇಕು. ನಮ್ಮವರ ಮೈಮೇಲೆ ಇರುವುದು ಅಷ್ಟೇ ಅಲ್ಲ: ಮೂಗುಬಟ್ಟು, ಕಾಲುಂಗುರ, ಗಂಡಸರ ಬೆಳ್ಳಿ ಉಡಿದಾರ, ಮಗುವಾಗಿದ್ದಾಗ ಕಟ್ಟಿದ ತಾಮ್ರದ ತಾಯಿತ. ತಾಯಿತ ಬಿಚ್ಚುವಾಗ ಗಂಡಸರೂ ಒಮ್ಮೆ ತಡೆಯುವುದನ್ನು ನೋಡಿದ್ದೇನೆ. ತಾಳಿಯ ಮಾತು ಹೇಳುವುದೇ ಬೇಡ. ರೋಗವಿದೆಯೋ ಇಲ್ಲವೋ ನೋಡಲು ಹೋಗುವ ದಿನವೇ ತಾಳಿ ತೆಗೆಯಬೇಕೆಂದರೆ ದೊಡ್ಡವ್ವನಂಥವರಿಗೆ ಅದು ಅಪಶಕುನ. ಕೊನೆಗೆ ಅವಳ ಸೊಸೆ ಅರಿಶಿನದ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಹಿಂದಿನ ರಾತ್ರಿಯೇ ಕೊರಳಿಗೆ ಹಾಕಿಸಿ, ತಾಳಿಯನ್ನು ದೇವರ ಮುಂದಿಟ್ಟಳು. ಅರಿಶಿನ ಕಿರಣಕ್ಕೆ ಅಡ್ಡ ಬರುವುದಿಲ್ಲ. ತಾಳಿ ಅಡವಿಟ್ಟಾಗ, ಕಳೆದುಹೋದಾಗ ನಮ್ಮ ಹೆಂಗಸರು ಎಂದಿನಿಂದಲೋ ಮಾಡಿಕೊಂಡು ಬಂದ ಉಪಾಯವದು. ರೇಡಿಯಾಲಜಿ ವಿಭಾಗಕ್ಕೂ ಅದು ಒದಗಿಬಂತು.

ಆದರೆ ಒಂದು ಚೂರು ಲೋಹ ಇಡೀ ಚಿತ್ರವನ್ನು ಯಾಕೆ ಕೆಡಿಸಬೇಕು? ಅದಕ್ಕೆ ಉತ್ತರ ಬೇಕಾದರೆ ಸಿ.ಟಿ. ಚಿತ್ರ ಹೇಗೆ ಹುಟ್ಟುತ್ತದೆ ಎಂದು ನೋಡಬೇಕು. ಅದು ಯಾರೂ ತೆಗೆದ ಫೋಟೊ ಅಲ್ಲ, ಲೆಕ್ಕ ಮಾಡಿ ಬರೆದ ಚಿತ್ರ. ಕಬ್ಬಿನ ಗದ್ದೆಯ ನಡುವೆ ಎಲ್ಲೋ ಒಂದು ಹುತ್ತವಿದೆ ಅಂದುಕೊಳ್ಳಿ. ಗದ್ದೆಯೊಳಗೆ ಕಾಲಿಡುವಂತಿಲ್ಲ. ರಾತ್ರಿ ಹೊತ್ತು ಪಡುವಲ ಬದುವಿನಲ್ಲಿ ನಿಂತು ಒಂದೊಂದು ಸಾಲಿನೊಳಕ್ಕೂ ಟಾರ್ಚು ಬಿಡುತ್ತೀರಿ. ಮೂಡಲ ಬದುವಿನಲ್ಲಿ ನಿಂತವರು ಎಷ್ಟು ಬೆಳಕು ದಾಟಿ ಬಂತೆಂದು ಬರೆದುಕೊಳ್ಳುತ್ತಾರೆ. ಏಳನೆಯ ಸಾಲಲ್ಲಿ ಬೆಳಕು ಕಡಿಮೆ ಬಂದರೆ ಹುತ್ತ ಆ ಸಾಲಲ್ಲಿ ಎಲ್ಲೋ ಇದೆ ಎಂದಷ್ಟೇ ಗೊತ್ತಾಯಿತು. ಸಾದಾ ಎಕ್ಸ್-ರೇ ಹೇಳುವುದು ಇಷ್ಟೇ. ಎಲ್ಲ ನೆರಳೂ ಒಂದರ ಮೇಲೊಂದು ಬಿದ್ದಿರುತ್ತದೆ. ಈಗ ತೆಂಕಲ ಬದುವಿಗೆ ಹೋಗಿ, ಆಮೇಲೆ ಮೂಲೆಯಿಂದ ಮೂಲೆಗೆ, ಹೀಗೆ ಗದ್ದೆಯ ಸುತ್ತ ನೂರಾರು ಕೋನಗಳಿಂದ ಅದನ್ನೇ ಮಾಡಿದರೆ, ಕಡೆಗೆ ಕೈಯಲ್ಲಿರುವ ಅಂಕಿಗಳಿಂದಲೇ ಗದ್ದೆಯ ಒಳಗಿನ ನಕ್ಷೆ ಬರೆಯಬಹುದು. ಬರೆಯಬಹುದು ಎಂದು ಗಣಿತದಲ್ಲಿ ಸಾಧಿಸಿದವನು ಆಸ್ಟ್ರಿಯಾದ ಯೋಹಾನ್ ರಾಡನ್, 1917ರಲ್ಲಿ. ಅವನಿಗೆ ರೋಗಿಯ ಯೋಚನೆ ಇರಲಿಲ್ಲ, ಶುದ್ಧ ಗಣಿತದ ಪ್ರಬಂಧ ಅದು.

ಅದು ಬೇಕಾಗಿದ್ದವರಿಗೆ ಅದು ಗೊತ್ತಿರಲಿಲ್ಲ. ದಕ್ಷಿಣ ಆಫ್ರಿಕಾದ ಭೌತವಿಜ್ಞಾನಿ ಆಲನ್ ಕಾರ್ಮ್ಯಾಕ್ 1956ರಲ್ಲಿ ಕೇಪ್‌ಟೌನಿನ ಆಸ್ಪತ್ರೆಯೊಂದರಲ್ಲಿ ಅರೆಕಾಲಿಕ ಕೆಲಸ ಮಾಡುವಾಗ ಇದೇ ಸಮಸ್ಯೆ ಎದುರಾಗಿ, ಎಲ್ಲವನ್ನೂ ಮೊದಲಿನಿಂದ ತಾನೇ ಕಟ್ಟಿದ. ಅಲ್ಯೂಮಿನಿಯಮ್ಮಿನ ಗುಂಡಿಗೆ ಮರದ ಬಳೆ ತೊಡಿಸಿ ಅದನ್ನೇ ಮೈಯೆಂದು ಭಾವಿಸಿ ಪ್ರಯೋಗ ಮಾಡಿದ. 1963 ಮತ್ತು 1964ರಲ್ಲಿ ಪ್ರಕಟಿಸಿದಾಗ ವೈದ್ಯರು ಯಾರೂ ತಿರುಗಿ ನೋಡಲಿಲ್ಲ. ಪ್ರತಿ ಬೇಕೆಂದು ಕೇಳಿದವರಲ್ಲಿ ಸ್ವಿಟ್ಜರ್ಲೆಂಡಿನ ಹಿಮಪಾತ ಸಂಶೋಧನಾ ಕೇಂದ್ರವೂ ಒಂದು ಎಂದು ಮುಂದೆ ಅವನು ನೆನೆಸಿಕೊಂಡಿದ್ದಾನೆ.

ಯಂತ್ರ ಮಾಡಿದವನು ಇಂಗ್ಲೆಂಡಿನ ರೈತನ ಮಗ ಗಾಡ್‌ಫ್ರಿ ಹೌನ್ಸ್‌ಫೀಲ್ಡ್. ಕೆಲಸ ಮಾಡುತ್ತಿದ್ದುದು ಇಎಂಐ ಕಂಪನಿಯಲ್ಲಿ. ನಾಯಿಯ ಚಿತ್ರದ ಎಚ್‌ಎಂವಿ ರೆಕಾರ್ಡುಗಳ ಮೂಲಕ ನಮ್ಮ ಅಜ್ಜಂದಿರಿಗೂ ಪರಿಚಯವಿದ್ದ ಕಂಪನಿ. ಬೀಟಲ್ಸ್ ಹಾಡುಗಳಿಂದ ಬಂದ ದುಡ್ಡಿನಲ್ಲೇ ಸಿ.ಟಿ. ಹುಟ್ಟಿತು ಎಂಬ ಸೊಗಸಾದ ಕಥೆ ಎಲ್ಲ ಕಡೆ ಓಡಾಡುತ್ತಿದೆ. ಸೊಗಸಾಗಿದೆ ಎಂಬುದೇ ಅದರ ಬಗ್ಗೆ ಅನುಮಾನ ಪಡಲು ಸಾಕು. ಬ್ರಿಟಿಷ್ ಸರ್ಕಾರದ ಆರೋಗ್ಯ ಇಲಾಖೆ ಈ ಕೆಲಸಕ್ಕೆ ಸುರಿದ ಹಣದ ಲೆಕ್ಕ ತೆಗೆದವರು ಕಥೆಯ ಗಾಳಿಯನ್ನು ಸಾಕಷ್ಟು ಇಳಿಸಿದ್ದಾರೆ. ಹೌನ್ಸ್‌ಫೀಲ್ಡ್‌ನ ಮೊದಲ ಪ್ರಯೋಗದಲ್ಲಿ ಒಂದು ಚಿತ್ರಕ್ಕೆ ಅಳತೆ ಕೂಡಿಸಲು ಒಂಬತ್ತು ದಿನ ಬೇಕಾಗಿತ್ತು. ಕಸಾಯಿಖಾನೆಯಿಂದ ತಂದ ದನದ ಮಿದುಳನ್ನು ಚೀಲದಲ್ಲಿಟ್ಟುಕೊಂಡು ಅವನು ಲಂಡನ್ನಿನಲ್ಲಿ ಓಡಾಡಿದ್ದುಂಟು. 1971ರ ಅಕ್ಟೋಬರ್ 1ರಂದು ವಿಂಬಲ್ಡನ್‌ನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮಿದುಳಿನ ಗೆಡ್ಡೆಯ ಅನುಮಾನವಿದ್ದ ಹೆಂಗಸೊಬ್ಬಳು ಆ ಯಂತ್ರದಲ್ಲಿ ಮಲಗಿದ ಮೊದಲ ರೋಗಿ. ತಲೆಯನ್ನು ನೀರಿನ ಪೆಟ್ಟಿಗೆಗೆ ಅಂಟಿಸಿದ ರಬ್ಬರ್ ಟೋಪಿಯೊಳಗೆ ಇಡಬೇಕಿತ್ತು. ಅಳತೆಗಳನ್ನು ತುಂಬಿಕೊಂಡ ಟೇಪನ್ನು ಇಎಂಐ ಕಂಪ್ಯೂಟರಿಗೆ ಒಯ್ದು ಲೆಕ್ಕ ಮಾಡಿಸಿದ ಮೇಲೆ, 80 ಸಾಲು 80 ಕಂಬದ ಚೌಕುಳಿಯಾಗಿ ಒರಟಾದ ಚಿತ್ರ ಬಂತು. ಗೆಡ್ಡೆ ಕಾಣಿಸಿತು. ಅದಕ್ಕಿಂತ ಮೊದಲು ಮಿದುಳಿನ ರೋಗಿಗಳ ಬೆನ್ನುಹುರಿಯ ಮೂಲಕ ಗಾಳಿ ತುಂಬಿ ಎಕ್ಸ್-ರೇ ತೆಗೆಯುತ್ತಿದ್ದರು, ಅದರ ತಲೆನೋವು ದಿನಗಟ್ಟಲೆ ಇರುತ್ತಿತ್ತು.

ಆ ನೀರಿನ ಪೆಟ್ಟಿಗೆ ಬೇಗನೆ ಮಾಯವಾಯಿತು. ನೀರು ಮಾತ್ರ ಅಳತೆಯಲ್ಲಿ ಉಳಿಯಿತು. ಇವತ್ತಿಗೂ ಸಿ.ಟಿ.ಯ ಅಂಕಿಗಳನ್ನು ಹೌನ್ಸ್‌ಫೀಲ್ಡ್ ಮಾನದಲ್ಲಿ ಓದುತ್ತಾರೆ. ಅದರಲ್ಲಿ ನೀರು ಸೊನ್ನೆ, ಗಾಳಿ ಸೊನ್ನೆಗಿಂತ 1000 ಕೆಳಗೆ, ಕೊಬ್ಬು ಸುಮಾರು 100 ಕೆಳಗೆ, ಗಟ್ಟಿ ಮೂಳೆ 1000ದ ಆಸುಪಾಸು ಮೇಲೆ. ಕಟ್ಟೆಯ ನೀರಿನ ಮಟ್ಟವನ್ನು ದಿನವೂ ಪೇಪರಿನಲ್ಲಿ ನೋಡುವ ನಮ್ಮವರಿಗೆ ನೀರಿನಿಂದ ಎಲ್ಲವನ್ನೂ ಅಳೆಯುವುದು ಹೊಸದೇನಲ್ಲ.

ಈಗ ಬೆಂಗಳೂರಿಗೆ ಬರೋಣ. ಹೌನ್ಸ್‌ಫೀಲ್ಡ್‌ನ ಲೆಕ್ಕದ ವಿಧಾನ ನಿಧಾನದ್ದು. ಒಂದು ಅಂದಾಜು ಚಿತ್ರ ಇಟ್ಟುಕೊಂಡು, ಅಳತೆಗೆ ಹೊಂದುವವರೆಗೆ ಮತ್ತೆ ಮತ್ತೆ ತಿದ್ದುವುದು. ಬೇಗ ಮಾಡುವ ದಾರಿ ಇನ್ನೊಂದಿದೆ: ಪ್ರತಿ ಅಳತೆಯನ್ನೂ ಅದು ಬಂದ ದಾರಿಯುದ್ದಕ್ಕೂ ಕಾಗದದ ಮೇಲೆ ಬಳಿಯುತ್ತಾ ಹೋಗುವುದು. ಗೆರೆಗಳೆಲ್ಲ ಕೂಡುವ ಕಡೆ ಕಪ್ಪು ದಟ್ಟವಾಗುತ್ತದೆ, ಹುತ್ತ ಅಲ್ಲಿದೆ. ತೊಂದರೆ ಏನೆಂದರೆ ಹುತ್ತ ಇಲ್ಲದ ಕಡೆಯೂ ಬಣ್ಣ ಮೆತ್ತಿಕೊಂಡು ಇಡೀ ಚಿತ್ರ ಮಸಿ ಹರಡಿದಂತಾಗುತ್ತದೆ. (ಲೋಹದ ಚೂರೊಂದು ಚಿತ್ರದ ತುಂಬ ಗೆರೆ ಎಳೆಯುವುದೂ ಇದಕ್ಕೇ. ಅದರ ತಪ್ಪು ಅಳತೆ ಒಂದೊಂದು ದಾರಿಯುದ್ದಕ್ಕೂ ಬಳಿದುಕೊಂಡುಬಿಡುತ್ತದೆ.) ಈ ಮಸಿಯನ್ನು ತೊಡೆಯುವ ಚೊಕ್ಕ ಉಪಾಯವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಬಳಿಯುವ ಮೊದಲೇ ಪ್ರತಿ ಅಳತೆಯಿಂದ ಅದರ ನೆರೆಹೊರೆಯ ಅಳತೆಗಳ ಒಂದೊಂದು ಪಾಲನ್ನು ಕಳೆಯಬೇಕು, ಒಂದು ಬಿಟ್ಟು ಒಂದರಂತೆ, ಹತ್ತಿರದ್ದರಿಂದ ಹೆಚ್ಚು, ದೂರ ಹೋದಂತೆ ಕಡಿಮೆ. ಆಮೇಲೆ ಬಳಿದರೆ ಮಸಿ ತನಗೆ ತಾನೇ ವಜಾ ಆಗುತ್ತದೆ. ಕೂಡುವುದು, ಗುಣಿಸುವುದು ಬಿಟ್ಟರೆ ಕಂಪ್ಯೂಟರಿಗೆ ಹೆಚ್ಚಿನ ಶ್ರಮವಿಲ್ಲ.

ಆ ಲೇಖನ ಬಂದ ಸಂಚಿಕೆ 1971ರ ಸೆಪ್ಟೆಂಬರಿನದು. ವಿಂಬಲ್ಡನ್‌ನ ರೋಗಿ ಮಲಗಿದ್ದು ಅಕ್ಟೋಬರ್ 1ಕ್ಕೆ. ಹೌನ್ಸ್‌ಫೀಲ್ಡ್ ತನ್ನ ಯಂತ್ರವನ್ನು ಹೊರಲೋಕಕ್ಕೆ ತೋರಿಸಿದ್ದು ಮರುವರ್ಷ ಏಪ್ರಿಲ್‌ನಲ್ಲಿ. ಹಾಗಾಗಿ ಲೇಖನ ಬರೆದವರ ಮುಂದೆ ಇಂಥ ಯಂತ್ರವೇ ಇರಲಿಲ್ಲ. ರಾಮಚಂದ್ರನ್ ತಲೆಯಲ್ಲಿದ್ದುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣುವ ಅಣುಗಳ ಮೂರು ಆಯಾಮದ ರೂಪ. ಎರ್ನಾಕುಲಂನಲ್ಲಿ ಹುಟ್ಟಿದ ಅವರು 1942ರಲ್ಲಿ ಬೆಂಗಳೂರಿಗೆ ಬಂದದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು. ಸಿ.ವಿ. ರಾಮನ್ ಅವರನ್ನು ಭೌತಶಾಸ್ತ್ರಕ್ಕೆ ಎಳೆದುಕೊಂಡರು. ಮದ್ರಾಸಿನಲ್ಲಿದ್ದಾಗ ಕೊಲಾಜೆನ್ನಿನ ಮೂರು ಎಳೆಯ ಹುರಿಯ ರಚನೆಯನ್ನು ಸೂಚಿಸಿ ಹೆಸರಾದರು. 1970ರ ಸುಮಾರಿಗೆ ಬೆಂಗಳೂರಿಗೆ ಮರಳಿ ಅಣು ಜೀವಭೌತಶಾಸ್ತ್ರದ ವಿಭಾಗ ಕಟ್ಟಿದರು. ಅವರು ಓದಿದ ಸಂಸ್ಥೆ ನಿಂತಿರುವುದು ಮೈಸೂರು ಸಂಸ್ಥಾನ ಕೊಟ್ಟ ನೆಲದ ಮೇಲೆ. ಬೆಂಗಳೂರಿನ ಮೊದಲ ವಿದ್ಯುತ್ ದೀಪಗಳನ್ನು ಉರಿಸಿದ್ದು ನಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ಕರೆಂಟು.

ಇದನ್ನು ಹೇಳುವಾಗ ಒಂದು ಎಚ್ಚರಿಕೆ ಬೇಕು, ‘ಎಲ್ಲವೂ ನಮ್ಮಲ್ಲೇ ಹುಟ್ಟಿತು’ ಎನ್ನುವ ಹುಮ್ಮಸ್ಸು ಈಗ ಅಗ್ಗವಾಗಿದೆ. ಇದೇ ಉಪಾಯವನ್ನು 1967ರಲ್ಲೇ ಬ್ರೇಸ್‌ವೆಲ್ ಮತ್ತು ರಿಡಲ್ ಎಂಬಿಬ್ಬರು ರೇಡಿಯೊ ಖಗೋಳಶಾಸ್ತ್ರಕ್ಕಾಗಿ ಬರೆದಿದ್ದರು. ಬೆಂಗಳೂರಿನವರು ಅದನ್ನು ಸ್ವತಂತ್ರವಾಗಿ ಕಂಡುಕೊಂಡು, ಎಕ್ಸ್-ರೇ ಚಿತ್ರಗಳಿಗೂ ಅನ್ವಯಿಸುವ ಸರಳ ರೂಪದಲ್ಲಿ ಕೊಟ್ಟರು. ಮುಂದೆ ದಶಕಗಳ ಕಾಲ ಜಗತ್ತಿನ ಸ್ಕ್ಯಾನರುಗಳು ಈ ಬಗೆಯ ಲೆಕ್ಕದ ಮೇಲೆಯೇ ನಡೆದವು. ಪಠ್ಯಪುಸ್ತಕಗಳಲ್ಲಿ ಅದರ ಒಂದು ಅಂಗಕ್ಕೆ ‘ರಾಮ್-ಲಾಕ್ ಫಿಲ್ಟರ್’ ಎಂಬ ಹೆಸರು ಉಳಿದಿದೆ, ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್ ಇಬ್ಬರ ಹೆಸರಿನ ಮೊದಲ ತುಣುಕುಗಳು. ಈಚೆಗೆ ಕಂಪ್ಯೂಟರುಗಳ ಬಲ ಹೆಚ್ಚಿದ ಮೇಲೆ ಹೌನ್ಸ್‌ಫೀಲ್ಡ್‌ನ ತಿದ್ದುತ್ತಾ ಹೋಗುವ ಹಳೆಯ ದಾರಿ ಹೊಸ ರೂಪದಲ್ಲಿ ಮರಳಿ ಬಂದಿದೆ. 1979ರ ನೊಬೆಲ್ ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್ ಇಬ್ಬರಿಗೆ ಹೋಯಿತು. ಇಬ್ಬರಿಗೂ ಪಿಎಚ್‌.ಡಿ. ಇರಲಿಲ್ಲ. ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಸಿಕ್ಕಿಕೊಂಡಿರುವ ನನ್ನಂಥವರಿಗೆ ಇದು ಸಮಾಧಾನವೋ ಹಂಗಿಸುವಿಕೆಯೋ ತಿಳಿಯದು.

ಇನ್ನು ಉಸಿರು. ಮೊದಲ ಯಂತ್ರ ತಲೆಯನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಒಂದು ಸುತ್ತಿಗೆ ನಾಲ್ಕೈದು ನಿಮಿಷ ಹಿಡಿಯುತ್ತಿತ್ತು. ತಲೆಯನ್ನು ಅಷ್ಟು ಹೊತ್ತು ಅಲುಗಿಸದೆ ಇಡಬಹುದು, ಹೊಟ್ಟೆ ಎದೆಗಳನ್ನು ಇಡಲಾಗದು. ಅವು ಉಸಿರಿನೊಂದಿಗೆ ಏರಿ ಇಳಿಯುತ್ತವೆ. ಅಲುಗಿದರೆ ಅಳತೆಗಳು ಒಂದಕ್ಕೊಂದು ಕೂಡುವುದಿಲ್ಲ, ಗದ್ದೆಯ ಹುತ್ತ ರಾತ್ರಿಯಿಡೀ ಜಾಗ ಬದಲಿಸುತ್ತಿದ್ದರೆ ಹೇಗೋ ಹಾಗೆ. 1975ರ ಹೊತ್ತಿಗೆ ಒಂದು ಸುತ್ತು ಸುಮಾರು 20 ಸೆಕೆಂಡಿಗೆ ಇಳಿದಾಗ ಮನುಷ್ಯ ಉಸಿರು ಹಿಡಿದಿರಬಲ್ಲ ಅವಧಿಯೊಳಗೆ ಯಂತ್ರ ಬಂತು. ಆಗ ಹೊಟ್ಟೆಯ ಸ್ಕ್ಯಾನ್ ಸಾಧ್ಯವಾಯಿತು. 1980ರ ದಶಕದ ಕೊನೆಗೆ ಮಂಚ ಸರಿಯುತ್ತಿರುವಾಗಲೇ ಸುರುಳಿಯಾಗಿ ಸುತ್ತುವ ಯಂತ್ರ ಬಂದು, ಈಗ ಇಡೀ ಹೊಟ್ಟೆ ಕೆಲವೇ ಸೆಕೆಂಡುಗಳ ಕೆಲಸ. ಕೆಲವು ಕಡೆ ‘ಉಸಿರು ಹಿಡಿಯಿರಿ’ ಎಂಬುದನ್ನು ಯಂತ್ರವೇ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಹೇಳುತ್ತದೆ. ದೊಡ್ಡವ್ವನಿಗೆ ಮಾತ್ರ ಟೆಕ್ನೀಷಿಯನ್ ಹುಡುಗ ಗಾಜಿನಾಚೆಯಿಂದ ಮೈಕಿನಲ್ಲಿ, ‘ಅಜ್ಜೀ, ಉಸ್ರು ಎಳ್ಕೊಳಿ... ಬುಡಬ್ಯಾಡಿ... ಆಂ, ಈಗ ಬುಡಿ’ ಎಂದ. ಇಡೀ ದಿನದಲ್ಲಿ ಅವಳಿಗೆ ಪೂರ್ತಿ ಅರ್ಥವಾದ ಸೂಚನೆ ಅದೊಂದೇ ಎಂದು ಕಾಣುತ್ತದೆ.

ಬಸುರಿಯಾಗಿದ್ದರೆ ತಿಳಿಸಿ ಎಂಬ ಸಾಲಿಗೆ ವಿವರಣೆ ಹೆಚ್ಚು ಬೇಡ. ಹೊಟ್ಟೆಯ ಒಂದು ಸಿ.ಟಿ.ಯಲ್ಲಿ ಮೈಗೆ ತಾಕುವ ವಿಕಿರಣ ಸುಮಾರು 8ರಿಂದ 10 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4ರಷ್ಟು ಹೇಗೂ ತಾಕುತ್ತದೆ. ರೋಗ ಹುಡುಕಬೇಕಾದಾಗ ಇದು ಹೆದರಬೇಕಾದ ಮೊತ್ತವಲ್ಲ, ಸುಮ್ಮನೆ ‘ಒಂದ್ಸಲ ಎಲ್ಲಾ ನೋಡಿಸಿಬಿಡೋಣ’ ಎಂದು ಮಾಡಿಸುವಷ್ಟು ಸಣ್ಣದೂ ಅಲ್ಲ.

ಚೀಟಿಯಲ್ಲಿ ಅತಿ ಹೆಚ್ಚು ಚರಿತ್ರೆ ಅಡಗಿರುವುದು ಉಪವಾಸ, ಕ್ರಿಯಾಟಿನಿನ್ ಮತ್ತು ಮಾತ್ರೆಯ ಸಾಲುಗಳಲ್ಲಿ. ಮೂರಕ್ಕೂ ಕಾರಣ ಒಂದೇ, ರಕ್ತನಾಳಕ್ಕೆ ಚುಚ್ಚುವ ಔಷಧಿ. ನಮ್ಮ ಕಡೆ ಅದನ್ನು ‘ಡೈ’ ಅನ್ನುತ್ತಾರೆ. ರಕ್ತ, ಲಿವರು, ಗೆಡ್ಡೆ ಎಲ್ಲವೂ ಎಕ್ಸ್-ರೇಗೆ ಹೆಚ್ಚುಕಡಿಮೆ ಒಂದೇ ಬಗೆ. ಅಯೋಡಿನ್ ಸೇರಿಸಿದರೆ ರಕ್ತ ಎಲ್ಲಿ ಹೆಚ್ಚು ಹರಿಯುತ್ತದೋ ಅಲ್ಲಿ ಬೆಳ್ಳಗಾಗಿ ಬೇರ್ಪಡುತ್ತದೆ. ಇದು ತಿಳಿದದ್ದು 1920ರ ದಶಕದಲ್ಲಿ, ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ. ಸಿಫಿಲಿಸ್ ರೋಗಿಗಳಿಗೆ ಔಷಧಿಯಾಗಿ ಕೊಡುತ್ತಿದ್ದ ಸೋಡಿಯಂ ಅಯೋಡೈಡ್ ಮೂತ್ರದಲ್ಲಿ ಹೊರಬರುವಾಗ ಮೂತ್ರಕೋಶ ಎಕ್ಸ್-ರೇಯಲ್ಲಿ ಕಾಣಿಸಿಕೊಂಡಿತ್ತು. ಅಯೋಡಿನ್ನಿಗೆ ಪ್ರತಿಸ್ಪರ್ಧಿಯಾಗಿ 1930ರ ಸುಮಾರಿಗೆ ಥೊರೊಟ್ರಾಸ್ಟ್ ಎಂಬುದು ಬಂತು. ಚುಚ್ಚಿದವರಿಗೆ ಉರಿಯಿಲ್ಲ, ವಾಂತಿಯಿಲ್ಲ, ಚಿತ್ರ ಅಚ್ಚುಕಟ್ಟು. ಆದರೆ ಅದು ಥೋರಿಯಂ. ಲಿವರಿನಲ್ಲಿ ಕೂತದ್ದು ಹೊರಗೆ ಬರಲೇ ಇಲ್ಲ, ಜೀವಮಾನವಿಡೀ ಒಳಗಿನಿಂದಲೇ ವಿಕಿರಣ ಕಾರುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಆ ರೋಗಿಗಳಲ್ಲಿ ಲಿವರ್ ಕ್ಯಾನ್ಸರು ಕಾಣಿಸಿಕೊಳ್ಳತೊಡಗಿತು. ಒಂದು ರೋಗ ನೋಡಲು ಹೋಗಿ ಇನ್ನೊಂದನ್ನು ಇಟ್ಟುಬಂದ ಈ ಕಥೆಯನ್ನು ವೈದ್ಯಚರಿತ್ರೆಯ ಪಾಠಗಳಲ್ಲಿ ಇನ್ನೂ ದೊಡ್ಡದಾಗಿ ಹೇಳಬೇಕಿತ್ತು.

ಹಳೆಯ ಅಯೋಡಿನ್ ಔಷಧಿಗಳು ರಕ್ತಕ್ಕಿಂತ ಎಷ್ಟೋ ಗಟ್ಟಿಯಾದ ದ್ರಾವಣಗಳು. ಚುಚ್ಚಿದ ಕೂಡಲೆ ಉರಿ, ಓಕರಿಕೆ, ವಾಂತಿ. ಅಂಗಾತ ಮಲಗಿದವರು ವಾಂತಿ ಮಾಡಿದರೆ ಶ್ವಾಸನಾಳಕ್ಕೆ ಹೋದೀತು, ಅದಕ್ಕೆ ಹೊಟ್ಟೆ ಖಾಲಿಯಿರಲಿ ಎಂಬ ನಿಯಮ. ಸ್ವೀಡನ್ನಿನ ಟಾರ್ಸ್ಟೆನ್ ಆಲ್ಮೆನ್‌ಗೆ ಇದಕ್ಕೆ ಪರಿಹಾರ ಹೊಳೆದದ್ದು ಈಜಿನಿಂದ. ಉಪ್ಪು ಕಡಿಮೆಯಿರುವ ತನ್ನೂರ ಕಡಲಲ್ಲಿ ಕಣ್ಣು ಬಿಟ್ಟರೆ ಉರಿಯುವುದಿಲ್ಲ, ಉಪ್ಪು ಹೆಚ್ಚಿರುವ ಕಡಲಲ್ಲಿ ಉರಿಯುತ್ತದೆ. ರಕ್ತನಾಳಕ್ಕೂ ಹಾಗೇ ಇರಬೇಕು. 1969ರಲ್ಲಿ ಅವನು ಬರೆದುಕೊಟ್ಟ ದಾರಿಯಲ್ಲಿ ಬಂದ ಸೌಮ್ಯ ಔಷಧಿಗಳೇ ಇವತ್ತು ಎಲ್ಲ ಕಡೆ ಬಳಕೆಯಲ್ಲಿರುವುದು. ಅವುಗಳಲ್ಲಿ ವಾಂತಿ ಅಪರೂಪ. ಅದಕ್ಕಾಗಿಯೇ ಯೂರೋಪಿನ ರೇಡಿಯಾಲಜಿ ತಜ್ಞರ ಈಚಿನ ಮಾರ್ಗಸೂಚಿ ಈ ಔಷಧಿಗೆಂದು ಉಪವಾಸ ಬೇಡ ಎನ್ನುತ್ತದೆ. ನಮ್ಮ ಚೀಟಿಯಲ್ಲಿ ಸಾಲು ಹಾಗೇ ಇದೆ. ಬೇರೆ ಕಾರಣಕ್ಕೆ ಹೊಟ್ಟೆ ಖಾಲಿ ಬೇಕಾದ ಪರೀಕ್ಷೆಗಳೂ ಇರುವುದರಿಂದ ನಿಮ್ಮ ವೈದ್ಯರು ಹೇಳಿದ್ದನ್ನು ನೀವಾಗಿ ಮೀರಬೇಡಿ. ಆದರೆ ಸಕ್ಕರೆ ಕಾಯಿಲೆಯವರು ಹದಿನಾಲ್ಕು ಗಂಟೆ ಉಪವಾಸವಿದ್ದು ಬೆಂಚಿನ ಮೇಲೆ ಬೆವರುವುದನ್ನು ನೋಡಿದಾಗ, ಈ ಸಾಲು ನಮ್ಮ ಬಸ್ಸಿನ ವೇಳೆ ನೋಡಿಕೊಂಡು ಬರೆದದ್ದಲ್ಲ ಅನ್ನಿಸುತ್ತದೆ. ಕ್ರಿಯಾಟಿನಿನ್ ಸಾಲು ಮಾತ್ರ ಇನ್ನೂ ಜೀವಂತ. ಅಯೋಡಿನ್ ಹೊರಹೋಗುವುದು ಮೂತ್ರಪಿಂಡದ ಮೂಲಕ, ಅದು ಸೋತಿದ್ದರೆ ಮೊದಲೇ ತಿಳಿಯಬೇಕು. ಮೆಟ್‌ಫಾರ್ಮಿನ್ ಮಾತ್ರೆಯನ್ನು ವಿಚಾರಿಸುವುದೂ ಮೂತ್ರಪಿಂಡದ ಕಾರಣಕ್ಕೇ.

ಹೊಸ ಔಷಧಿಯಲ್ಲೂ ಒಂದು ಗುಣ ಉಳಿದುಕೊಂಡಿದೆ. ಚುಚ್ಚಿದ ಅರ್ಧ ನಿಮಿಷದೊಳಗೆ ಗಂಟಲಿನಿಂದ ಬಿಸಿ ಇಳಿಯುತ್ತದೆ, ಬಾಯಲ್ಲಿ ತುಕ್ಕಿನ ರುಚಿ, ಆಮೇಲೆ ತೊಡೆಸಂದಿಯಲ್ಲಿ ಬಿಸಿ ಹರಡಿ, ಉಚ್ಚೆ ಹೊಯ್ದುಕೊಂಡೆವೇನೋ ಅನ್ನಿಸುತ್ತದೆ. ಹೊಯ್ದಿರುವುದಿಲ್ಲ. ರಕ್ತನಾಳಗಳು ಹಿಗ್ಗುವ ಅನುಭವ ಅದು, ಒಂದು ನಿಮಿಷದಲ್ಲಿ ಹೋಗುತ್ತದೆ. ರೇಡಿಯಾಲಜಿಯವರಿಗೆಲ್ಲ ಇದು ಗೊತ್ತು. ದೊಡ್ಡವ್ವನಿಗೆ ಯಾರೂ ಹೇಳಿರಲಿಲ್ಲ. ಅವಳು ಹೊರಗೆ ಬಂದವಳು ನನ್ನ ಕೈ ಹಿಡಿದುಕೊಂಡು ಗೋಡೆಯ ಮರೆಗೆ ಕರೆದೊಯ್ದಳು. ‘ಮಂಚದ ಮ್ಯಾಲೇ ಒದ್ದೆ ಮಾಡ್ಕೊಂಬುಟ್ಟೆ ಕನ ಮಗಾ, ಆ ಹುಡ್ಗ ಏನಂದ್ಕೊಂಡ್ನೋ’ ಎಂದು ಅತ್ತಳು. ಸೀರೆ ಒಣಗಿಯೇ ಇತ್ತು. ಮುಟ್ಟಿ ನೋಡಿಕೊಂಡರೂ ಅವಳಿಗೆ ನಂಬಿಕೆ ಬರಲಿಲ್ಲ. ಅವಳ ಹೊಟ್ಟೆಯಲ್ಲಿದ್ದ ಗಂಟು ಮುಂದೆ ಆಪರೇಷನ್ನಿನಲ್ಲಿ ಹೋಯಿತು, ಗುಣವಾದಳು. ಆದರೂ ಆ ವರ್ಷ ಎರಡನೆಯ ಸಲ ಸ್ಕ್ಯಾನ್ ಬರೆದುಕೊಟ್ಟಾಗ ಅವಳು ಬೇಡವೆಂದದ್ದು ಕರೆಂಟಿಗೂ ಅಲ್ಲ, ತಾಳಿಗೂ ಅಲ್ಲ, ಆ ನಾಚಿಕೆಗೆ. ‘ಬಿಸಿಯಾದಂತೆ, ಒದ್ದೆಯಾದಂತೆ ಅನ್ನಿಸುತ್ತದೆ, ಆಗಿರುವುದಿಲ್ಲ’: ಚೀಟಿಯಲ್ಲಿ ಒಂದು ಸಾಲಿಗೆ ಇಷ್ಟು ಜಾಗ ಸಾಕಿತ್ತು. ಒಪ್ಪಿಗೆ ಪತ್ರದಲ್ಲಿ ಅದು ಇದ್ದಿರಬಹುದು. ಅವಳು ಹೆಬ್ಬೆಟ್ಟು ಒತ್ತಿದ ಆ ಪತ್ರ ಇಂಗ್ಲಿಷಿನಲ್ಲಿತ್ತು.

ಸ್ಕ್ಯಾನ್ ಮುಗಿಸಿ ಹೊರಡುವಾಗ ಬಾಯಲ್ಲಿ ಇನ್ನೊಂದು ಸೂಚನೆ ಕೊಡುತ್ತಾರೆ, ಇವತ್ತು ನೀರು ಚೆನ್ನಾಗಿ ಕುಡಿಯಿರಿ. ಮೂತ್ರಪಿಂಡ ಸರಿಯಿದ್ದವರಲ್ಲಿ ಆ ಅಯೋಡಿನ್ನಿನ ಬಹುಪಾಲು ಒಂದು ದಿನದೊಳಗೆ ಮೂತ್ರದಲ್ಲಿ ಹೊರಟುಹೋಗುತ್ತದೆ. ಥೊರೊಟ್ರಾಸ್ಟ್ ಚುಚ್ಚಿಸಿಕೊಂಡವರಿಗೆ ಇಂಥ ಸೂಚನೆ ಕೊಟ್ಟಿದ್ದರೂ ಪ್ರಯೋಜನವಿರುತ್ತಿರಲಿಲ್ಲ.